ಎಂಟು ಥ್ರೆಡ್‌ಗೆ ಒಂದೇ ಕ್ಯಾಶ್: ಹಂಚಬೇಕೋ, ಬೇಡವೋ?

ಕಲಬುರಗಿಯ ಒಂದು ದಾಲ್‌ಮಿಲ್ ಕಚೇರಿಗೆ ತೊಗರಿ ಧಾರಣೆ ತರುವ ಪ್ರೋಗ್ರಾಂ ಬೇಕು ಅಂದುಕೊಳ್ಳಿ. ಕಲಬುರಗಿ, ಸೇಡಂ, ಯಾದಗಿರಿ, ಶಹಾಪುರ, ಬೀದರ್, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ: ಎಂಟು ಮಾರುಕಟ್ಟೆ, ಎಂಟು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು). ಎಲ್ಲವೂ ಹೋಗುವುದು ಒಂದೇ ಸರ್ವರ್‌ಗೆ. ಭಾಷೆ ಸಿ, ಲೈಬ್ರರಿ ಲಿಬ್‌ಕರ್ಲ್, ಅಂದರೆ ನೆಟ್‌ನಿಂದ ಪುಟ ತರುವ ಸಿದ್ಧ ಕೋಡ್. ಈ ಎಂಟು ಥ್ರೆಡ್‌ಗಳು ಡಿಎನ್‌ಎಸ್ ಉತ್ತರ (ಸರ್ವರ್ ಹೆಸರಿಗೆ ಸಿಕ್ಕ ವಿಳಾಸ), ಟಿಎಲ್‌ಎಸ್ ಸೆಷನ್ (ಗುಪ್ತ ಸಂಪರ್ಕಕ್ಕೆ ಹಿಂದೆ ಆದ ಒಪ್ಪಂದ) ಮುಂತಾದವನ್ನು ಒಂದೇ ಕ್ಯಾಶ್‌ನಲ್ಲಿ, ಅಂದರೆ ಮತ್ತೆ ಬಳಸಲು ತೆಗೆದಿಡುವ ಜಾಗದಲ್ಲಿ, ಇಟ್ಟು ಹಂಚಿಕೊಳ್ಳಬೇಕೇ?

ಪರ: ಕೀಲಿ (ಲಾಕ್) ನೆಟ್ಟಗಿದ್ದರೆ ಹಂಚಿರಿ

ಏನೂ ಮಾಡದೆ ಬಿಟ್ಟರೆ ಪ್ರತಿ ಈಸಿ ಹ್ಯಾಂಡಲ್‌ಗೂ (ಲಿಬ್‌ಕರ್ಲ್‌ನಲ್ಲಿ ಒಮ್ಮೆಗೆ ಒಂದು ವಿನಂತಿ ನಡೆಸುವ ವಸ್ತು) ತನ್ನದೇ ಕ್ಯಾಶ್ ಇರುತ್ತದೆ. ಒಂದೇ ಸರ್ವರ್‌ನ ವಿಳಾಸವನ್ನು ಎಂಟು ಸಲ ಕೇಳಬೇಕು, ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಆ ಒಪ್ಪಂದ ಮಾಡಿಕೊಳ್ಳುವ ಮಾತುಕತೆ) ಎಂಟು ಸಲ ಪೂರ್ತಿ ಮಾಡಬೇಕು. ಮೊಬೈಲ್ ಡಾಟಾ ಮೇಲೆ ಹೋಗಿಬರುವ ಸಮಯ 80 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಟಿಎಲ್‌ಎಸ್ 1.2ರ ಪೂರ್ತಿ ಹ್ಯಾಂಡ್‌ಶೇಕ್‌ಗೆ ಎರಡು ಸುತ್ತು, ಅಂದರೆ 160. ಹಳೇ ಸೆಷನ್ ಕೈಯಲ್ಲಿದ್ದರೆ ಒಂದೇ ಸುತ್ತು. ಡಿಸೆಂಬರ್-ಜನವರಿಯಲ್ಲಿ ಆವಕ ಏರಿ, ಧಾರಣೆಯನ್ನು ನಿಮಿಷಕ್ಕೊಮ್ಮೆ ನೋಡುವಾಗ ಈ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಕೆಲಸ ದೊಡ್ಡದಲ್ಲ. ಒಂದೂ ಥ್ರೆಡ್ ಹುಟ್ಟುವ ಮೊದಲೇ ಮೇನ್‌ನಲ್ಲಿ ಗ್ಲೋಬಲ್ ಇನಿಟ್ (ಲೈಬ್ರರಿ ಸಜ್ಜು ಮಾಡುವ ಫಂಕ್ಷನ್) ಒಮ್ಮೆ ಕರೆಯಿರಿ. ಆಮೇಲೆ ಶೇರ್ ಆಬ್ಜೆಕ್ಟ್ ಮಾಡಿ, ಅದಕ್ಕೆ ಲಾಕ್, ಅನ್‌ಲಾಕ್ ಎಂಬ ಎರಡು ಕಾಲ್‌ಬ್ಯಾಕ್ (ಬೇಕಾದಾಗ ಲೈಬ್ರರಿ ಕರೆಯುವ ನಿಮ್ಮ ಫಂಕ್ಷನ್) ಕೊಡಿ, ಡಿಎನ್‌ಎಸ್ ಮತ್ತು ಎಸ್‌ಎಸ್‌ಎಲ್ (ಟಿಎಲ್‌ಎಸ್‌ನ ಹಳೇ ಹೆಸರು) ಸೆಷನ್ ಹಂಚಿಕೆ ಆನ್ ಮಾಡಿ. ಕೊನೆಗೆ ಪ್ರತಿ ಹ್ಯಾಂಡಲ್‌ಗೂ ಆ ಶೇರ್ ಅಂಟಿಸಿ. ಲಿಬ್‌ಕರ್ಲ್ ತಾನಾಗಿ ಏನನ್ನೂ ಲಾಕ್ ಮಾಡುವುದಿಲ್ಲ. ನಮ್ಮ ಕಡೆ ಲಾಕಿಗೆ ಕೀಲಿ ಅಂತೀವಲ್ಲ, ಆ ಕೀಲಿ ಹಾಕುವುದು ಪೂರ್ತಿ ನಿಮ್ಮ ಹೊಣೆ.

ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲಕ್ಕೂ ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಕೀಲಿ) ಇಟ್ಟುಬಿಡುತ್ತಾರೆ. ಕಾಲ್‌ಬ್ಯಾಕ್‌ಗೆ ಯಾವ ಬಗೆಯ ಡಾಟಾ ಎಂಬ ಸಂಖ್ಯೆ ಬರುತ್ತದೆ. ಬಗೆಗೊಂದು ಮ್ಯೂಟೆಕ್ಸ್ ಇರುವ ಅರೇ ಇಟ್ಟು, ಆ ಸಂಖ್ಯೆಯಿಂದಲೇ ಆರಿಸಬೇಕು. ಒಂದು ಬಗೆಯ ಕೀಲಿ ಹಿಡಿದಿರುವಾಗಲೇ ಇನ್ನೊಂದು ಬಗೆಯದನ್ನು ಲೈಬ್ರರಿ ಕೇಳಿದರೆ, ಒಂದೇ ಮ್ಯೂಟೆಕ್ಸ್ ಇದ್ದಲ್ಲಿ ಥ್ರೆಡ್ ತನ್ನನ್ನೇ ತಾನು ಕಾಯುತ್ತ ನಿಲ್ಲುತ್ತದೆ. ಮುಗಿಸುವಾಗಲೂ ಕ್ರಮ ತಪ್ಪಬಾರದು: ಥ್ರೆಡ್‌ಗಳು ಜಾಯಿನ್ ಆಗಲಿ, ಹ್ಯಾಂಡಲ್‌ಗಳು ಮುಚ್ಚಲಿ, ಆಮೇಲೆ ಶೇರ್, ಕಟ್ಟಕಡೆಗೆ ಮ್ಯೂಟೆಕ್ಸ್. ಹ್ಯಾಂಡಲ್ ಅಂಟಿಕೊಂಡಿರುವಾಗಲೇ ಶೇರ್ ಮುಚ್ಚಲು ಹೋದರೆ 'ಇನ್ ಯೂಸ್' ಎಂಬ ದೋಷ ಬರುತ್ತದೆ. ಆ ರಿಟರ್ನ್ ಬೆಲೆ ಎಷ್ಟು ಜನ ನೋಡುತ್ತಾರೋ!

ಇನ್ನೊಂದು ಸೂಕ್ಷ್ಮ. ಎಂಟೂ ಥ್ರೆಡ್ ಒಂದೇ ಕ್ಷಣಕ್ಕೆ ಹೊರಟರೆ ಕ್ಯಾಶ್ ಇನ್ನೂ ಖಾಲಿ, ಹಾಗಾಗಿ ಎಂಟೂ ಡಿಎನ್‌ಎಸ್ ಕೇಳುತ್ತವೆ. ಕೀಲಿ ಕಾಯುವುದು ಪಟ್ಟಿಯನ್ನು. ಹುಡುಕಾಟ ನಡೆಯುವಷ್ಟು ಹೊತ್ತು ಯಾರೂ ಅದನ್ನು ಹಿಡಿದಿರುವುದಿಲ್ಲ. ಮೊದಲು ಒಂದು ಥ್ರೆಡ್ ಕಳಿಸಿ, ಉತ್ತರ ಬಂದ ಮೇಲೆ ಉಳಿದ ಏಳನ್ನು ಬಿಡಿ.

ವಿರೋಧ: ಹಂಚುವ ಬದಲು ಒಂದೇ ಥ್ರೆಡ್ ಸಾಕು

ಮೇಲಿನ ಲೆಕ್ಕ ಟಿಎಲ್‌ಎಸ್ 1.2ರದು. 1.3ರಲ್ಲಿ ಪೂರ್ತಿ ಹ್ಯಾಂಡ್‌ಶೇಕ್‌ಗೂ ಒಂದು ಸುತ್ತು, ಸೆಷನ್ ಮುಂದುವರಿಸಿದರೂ ಒಂದು ಸುತ್ತು. ಉಳಿಯುವುದು ಸರ್ಟಿಫಿಕೇಟ್ ಕಳಿಸಿ ಪರೀಕ್ಷಿಸುವ ಕೆಲಸ ಮಾತ್ರ. ಅದೂ ಎಂಟಕ್ಕೂ ದಕ್ಕುವುದಿಲ್ಲ: 1.3ರ ಟಿಕೆಟ್ಟನ್ನು (ಸೆಷನ್ ಮುಂದುವರಿಸಲು ಸರ್ವರ್ ಕೊಡುವ ಚೀಟಿ) ಒಂದಕ್ಕಿಂತ ಹೆಚ್ಚು ಸಲ ಬಳಸಬಾರದೆಂದು ಟಿಎಲ್‌ಎಸ್ 1.3ರ ಮಾನದಂಡವಾದ 2018ರ ಆರ್‌ಎಫ್‌ಸಿ 8446 ಸಲಹೆ ಕೊಡುತ್ತದೆ, ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿ ಬಳಸುವ ಸರ್ವರ್ ಡೀಫಾಲ್ಟಾಗಿ ಕೊಡುವುದು ಎರಡೇ ಟಿಕೆಟ್. ಒಂದು ಥ್ರೆಡ್ ತಂದಿಟ್ಟ ಎರಡನ್ನು ಉಳಿದ ಏಳು ಹೇಗೆ ಹಂಚಿಕೊಂಡಾವು?

ಡಿಎನ್‌ಎಸ್ ಉತ್ತರ ಲಿಬ್‌ಕರ್ಲ್‌ನಲ್ಲಿ ಉಳಿಯುವುದು ಡೀಫಾಲ್ಟಾಗಿ 60 ಸೆಕೆಂಡ್. ಅಷ್ಟಕ್ಕಾಗಿ ಕೀಲಿಗಳ ಸಾಲು ಕಟ್ಟುವುದಕ್ಕಿಂತ ಯಂತ್ರದಲ್ಲೇ ಡಿಎನ್‌ಎಸ್‌ಮಾಸ್ಕ್‌ನಂಥ ಕ್ಯಾಶ್ ಓಡಿಸಿದರೆ ಪ್ರೋಗ್ರಾಂ ಮುಟ್ಟದೆ ಕೆಲಸ ಮುಗಿಯಿತು. ಹಂಚಿದಲ್ಲಿ ಒಂದು ತಪ್ಪು ವಿಳಾಸ ಎಂಟೂ ಥ್ರೆಡ್‌ಗೆ ತಗಲುತ್ತದೆ, ಅದನ್ನೂ ಮರೆಯಬೇಡಿ.

ನಿಜವಾದ ಭಯ ಬೇರೆ. ಶೇರ್ ಎಂಬುದು ಕೈಗೆ ಸಿಕ್ಕ ಮೇಲೆ 'ಕನೆಕ್ಷನ್ನೂ ಹಂಚೋಣ, ಕುಕಿಯೂ ಇರಲಿ' ಅನಿಸದೆ ಇರುವುದಿಲ್ಲ. ಏಕಕಾಲಕ್ಕೆ ಓಡುವ ಥ್ರೆಡ್‌ಗಳ ನಡುವೆ ಈ ಎರಡಕ್ಕೂ ಬೆಂಬಲವಿಲ್ಲ ಎಂದು ಲಿಬ್‌ಕರ್ಲ್‌ನ ದಾಖಲೆಯೇ ಹೇಳುತ್ತದೆ. ನೀವು ಕೀಲಿ ಸರಿಯಾಗಿ ಹಾಕಿದ್ದರೂ ಅಷ್ಟೇ. ಟೆಸ್ಟ್‌ನಲ್ಲಿ ಸುಮ್ಮನಿದ್ದದ್ದು ಆವಕದ ದಿನ ನಟ್ಟನಡುವೆ ಬೀಳುತ್ತದೆ, ಕೋರ್ ಡಂಪ್ (ಬಿದ್ದ ಕ್ಷಣದ ಮೆಮೊರಿ ನಕಲು) ಬೇರೆಲ್ಲೋ ಬೆರಳು ತೋರಿಸುತ್ತದೆ. ಈಗಾಗಲೇ ಹಂಚಿದವರು ಥ್ರೆಡ್‌ಗಳ ತಿಕ್ಕಾಟ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಅಥವಾ ಹೆಲ್‌ಗ್ರಿಂಡ್ ಕೆಳಗೆ ಒಮ್ಮೆಯಾದರೂ ಓಡಿಸಿ ನೋಡಲಿ.

ಎಂಟು ಪುಟ ತರಲು ಎಂಟು ಥ್ರೆಡ್ ಯಾಕ್ರಿ ಬೇಕು? ಸಮಯವೆಲ್ಲ ಹೋಗುವುದು ಕಾಯುವುದರಲ್ಲಿ, ಸಿಪಿಯುನಲ್ಲಿ ಅಲ್ಲ. ಒಂದೇ ಥ್ರೆಡ್‌ನಲ್ಲಿ ಮಲ್ಟಿ ಹ್ಯಾಂಡಲ್ (ಹಲವು ಈಸಿ ಹ್ಯಾಂಡಲ್ ಒಟ್ಟಿಗೆ ನಡೆಸುವ ವಸ್ತು) ಇಟ್ಟು ಎಂಟೂ ಈಸಿ ಹ್ಯಾಂಡಲ್ ಅದಕ್ಕೆ ಸೇರಿಸಿ. ಡಿಎನ್‌ಎಸ್, ಟಿಎಲ್‌ಎಸ್ ಸೆಷನ್, ಕನೆಕ್ಷನ್ ಮೂರನ್ನೂ ಅದು ಕೇಳದೆಯೇ ಹಂಚುತ್ತದೆ, ಒಂದು ಕೀಲಿಯೂ ಬೇಡ. ಎಚ್‌ಟಿಟಿಪಿ/2 ಸರ್ವರ್ ಆದರೆ ಎಂಟೂ ವಿನಂತಿ ಒಂದೇ ಕನೆಕ್ಷನ್ ಮೇಲೆ ಹೋಗುತ್ತವೆ. ಪೈಪ್‌ವೇಟ್ ಆಯ್ಕೆಗೆ (ಮೊದಲ ಕನೆಕ್ಷನ್‌ಗಾಗಿ ಕಾಯುವಂತೆ ಹೇಳುವುದು) ಮಾತ್ರ 1 ಕೊಟ್ಟಿರಿ. ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಹೊರಟು, ಮೊದಲ ಕನೆಕ್ಷನ್ ಎಚ್‌ಟಿಟಿಪಿ/2 ಹೌದೋ ಅಲ್ಲವೋ ಗೊತ್ತಾಗುವ ಮೊದಲೇ ಎಂಟು ಕನೆಕ್ಷನ್ ತೆರೆದುಕೊಂಡಿರುತ್ತವೆ.

ಧಾರಣೆಯ ಪುಟ ಬಿಡಿಸಿ ಓದುವ ಕೆಲಸವೇ ಭಾರವಾಗಿದ್ದರೆ ಅದಕ್ಕೆ ಬೇಕಾದಷ್ಟು ಥ್ರೆಡ್ ಇಡಿ. ಆದರೆ ಅವು ನೆಟ್‌ವರ್ಕ್ ಮುಟ್ಟದಿರಲಿ, ತಂದ ಪುಟವನ್ನು ಕ್ಯೂ ಮೂಲಕ ಪಡೆಯಲಿ. ಥ್ರೆಡ್‌ಗಳಲ್ಲೇ ತರಬೇಕೆಂದು ಹಟ ಇದ್ದರೆ, ಪ್ರತಿ ಥ್ರೆಡ್ ತನ್ನ ಒಂದೇ ಹ್ಯಾಂಡಲ್ಲನ್ನು ಕೊನೆವರೆಗೂ ಇಟ್ಟುಕೊಳ್ಳಲಿ. ವಿನಂತಿಗೊಂದು ಹೊಸ ಹ್ಯಾಂಡಲ್ ಮಾಡಿ ಒಗೆದು, ತೆರೆದಿದ್ದ ಕನೆಕ್ಷನ್ನನ್ನೂ ಜೊತೆಗೆ ಮುಚ್ಚಿದ ಮೇಲೆ ಶೇರ್ ಹಾಕಿ ವೇಗ ಹುಡುಕುವುದನ್ನು ಎಷ್ಟೋ ಕೋಡ್‌ಗಳಲ್ಲಿ ಕಾಣಬಹುದು.