ಜಾಗ ಸಿಕ್ಕಿದರೆ ಜೀನ್ ಸಿಕ್ಕ ಹಾಗಲ್ಲ

'ಬೊಜ್ಜಿನ ಜೀನ್ ಪತ್ತೆ' ಅನ್ನುವ ತಲೆಬರಹ ಕಂಡಾಗಲೆಲ್ಲ ಕೇಳಬೇಕು ಅನಿಸುತ್ತದೆ: ಪತ್ತೆಯಾಗಿದ್ದು ಜೀನಾ, ಇಲ್ಲ ಡಿಎನ್‌ಎಯಲ್ಲಿ ಒಂದು ಜಾಗ ಮಾತ್ರವಾ? ಎರಡೂ ಒಂದೇ ಅನ್ನುವ ಹಾಗೆ ಬರೆಯುವುದು ಓದುವವರಿಗೆ ಮಾಡುವ ಅನ್ಯಾಯ. ನನ್ನದು ಗಟ್ಟಿ ಅಭಿಪ್ರಾಯ, ಯಾಕೆ ಅಂತ ಹೇಳುತ್ತೇನೆ.

ತೂಕ, ಎತ್ತರ, ಸಕ್ಕರೆ ಕಾಯಿಲೆ ಇವು ಯಾವುದೂ ಒಂದು ಜೀನ್‌ನಿಂದ ಬರುವುದಿಲ್ಲ. ನೂರಾರು, ಸಾವಿರಾರು ಕಡೆ ಇರುವ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ, ಜೊತೆಗೆ ಬದುಕುವ ರೀತಿಯೂ ಸೇರಿ ಆಗುತ್ತವೆ. ದೊಡ್ಡ ಸಂಖ್ಯೆಯ ಜನರ ಡಿಎನ್‌ಎ ಹೋಲಿಸಿ ಇಂಥ ಜಾಗಗಳನ್ನು ಹುಡುಕಿದಾಗ ಒಂದು ವಿಷಯ ಎದ್ದು ಕಂಡಿತು. ಸಿಕ್ಕ ಜಾಗಗಳಲ್ಲಿ ಸುಮಾರು 90% ಪ್ರೊಟೀನ್‌ನ ರಚನೆ ಬರೆದಿರುವ ಭಾಗದಲ್ಲಿ ಇಲ್ಲವೇ ಇಲ್ಲ! ಹಾಗಾದರೆ ಹೆಚ್ಚಿನ ಕಡೆ ಬದಲಾಗಿರುವುದು ಪ್ರೊಟೀನ್ ಅಲ್ಲ, ಅದು ಎಷ್ಟು, ಎಲ್ಲಿ, ಯಾವಾಗ ತಯಾರಾಗಬೇಕು ಅನ್ನುವ ಹತೋಟಿ. ಫ್ಯಾನ್ ಸರಿಯಾಗೇ ಇದೆ, ರೆಗ್ಯುಲೇಟರ್ ತಿರುಗಿಸಿದ್ದಾರೆ.

ಎಫ್‌ಟಿಒ ಅನ್ನುವ ಜೀನ್‌ನ ಕಥೆಯನ್ನೇ ನೋಡಿ. 2007ರಲ್ಲಿ ಬೊಜ್ಜಿಗೂ ಈ ಜೀನ್‌ನ ಒಳಗಿರುವ ಒಂದು ಜಾಗಕ್ಕೂ ನಂಟು ಸಿಕ್ಕಿತು. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳ ಉದ್ದನೆಯ ಸಾಲು. ಆ ಜಾಗದಲ್ಲಿ ಬೊಜ್ಜಿನ ಅಪಾಯ ಹೆಚ್ಚಿಸುವ ಅಕ್ಷರವನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದವರ ತೂಕ, ಅದು ಇಲ್ಲದವರಿಗಿಂತ ಸರಾಸರಿ 3 ಕೆಜಿಯಷ್ಟು ಜಾಸ್ತಿ ಇತ್ತು. ಎಲ್ಲ ಕಡೆ ಎಫ್‌ಟಿಒ 'ಬೊಜ್ಜಿನ ಜೀನ್' ಆಗಿಬಿಟ್ಟಿತು. ಆದರೆ 2014ರಲ್ಲಿ ಬಂದ ಅಧ್ಯಯನವೊಂದು, ಆ ಜಾಗ ಸುಮಾರು ಐದು ಲಕ್ಷ ಅಕ್ಷರ ದೂರದ ಐಆರ್‌ಎಕ್ಸ್3 ಅನ್ನುವ ಜೀನ್‌ಗೆ ತಾಗಿಕೊಂಡಿದೆ ಅಂತ ತೋರಿಸಿತು. ಡಿಎನ್‌ಎ ಎಳೆ ಮಡಚಿಕೊಂಡಾಗ ದೂರದ್ದು ಹತ್ತಿರ ಬರುತ್ತದೆ ಅಲ್ವಾ, ಹಾಗೆ. ಮನುಷ್ಯರ ಮಿದುಳಿನ ಮಾದರಿಗಳಲ್ಲಿ ಈ ಅಕ್ಷರ ಬದಲಾದಂತೆ ಏರುಪೇರಾಗಿದ್ದು ಐಆರ್‌ಎಕ್ಸ್3ರ ಕೆಲಸದ ಪ್ರಮಾಣ, ಎಫ್‌ಟಿಒದ್ದಲ್ಲ. ಮರುವರ್ಷ ಇನ್ನೊಂದು ತಂಡ ಕೊಬ್ಬಿನ ಕೋಶಗಳಾಗಲಿರುವ ಎಳೆಯ ಕೋಶಗಳಲ್ಲಿ ನೋಡಿತು. ಟಿ ಇರುವ ಕಡೆ ಸಿ ಬಂದರೆ, ಅಲ್ಲಿ ಕೂತು ತಡೆ ಹಾಕುವ ಪ್ರೊಟೀನ್‌ಗೆ ಹಿಡಿತ ಸಿಗುವುದಿಲ್ಲ. ಐಆರ್‌ಎಕ್ಸ್3, ಐಆರ್‌ಎಕ್ಸ್5 ಎರಡೂ ಜೋರಾಗುತ್ತವೆ. ಕೋಶ ಕೊಬ್ಬನ್ನು ಸುಟ್ಟು ಶಾಖ ಮಾಡುವ ಬದಲು ಕೂಡಿಡುತ್ತದೆ. ಆ ಒಂದೇ ಅಕ್ಷರವನ್ನು ತಿದ್ದಿದಾಗ ಕೋಶ ಮತ್ತೆ ಶಾಖ ಮಾಡುವ ಕಡೆಗೆ ವಾಲಿತು. ಇಷ್ಟಾದ ಮೇಲೂ ಮುಖ್ಯ ಕೆಲಸ ನಡೆಯುವುದು ಮಿದುಳಿನಲ್ಲೋ ಕೊಬ್ಬಿನಲ್ಲೋ ಅನ್ನುವ ಚರ್ಚೆ ಮುಂದುವರಿಯಿತು.

ಹೀಗೆ ಒಂದೊಂದನ್ನೇ ಬಿಡಿಸುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೇ ಜಿಟೆಕ್ಸ್ ಥರದ ಯೋಜನೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದು. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಅಂಗಾಂಶಗಳಿಂದ ನಡೆದ ಕೆಲಸ ಅದು. 2020ರಲ್ಲಿ ಬಂದ ಅದರ ಕೊನೆಯ ವರದಿಯಲ್ಲಿ 838 ದಾನಿಗಳಿದ್ದರು, 49 ಬಗೆಯ ಅಂಗಾಂಶಗಳಲ್ಲಿ ಯಾವ ಅಕ್ಷರ ಯಾವ ಜೀನ್‌ನ ಕೆಲಸವನ್ನು ಏರಿಸುತ್ತದೆ, ಇಳಿಸುತ್ತದೆ ಅನ್ನುವ ಲೆಕ್ಕವಿತ್ತು. ಆ ಮನೆಯವರ ಋಣ ತೀರಿಸಲು ಆಗುವುದಿಲ್ಲ.

ಆದರೆ ಈ ಲೆಕ್ಕದಲ್ಲೂ ಎಡವುವ ಜಾಗಗಳಿವೆ. ಅಕ್ಕಪಕ್ಕದ ಅಕ್ಷರಗಳು ಸಾಮಾನ್ಯವಾಗಿ ಒಟ್ಟಿಗೇ ಪೀಳಿಗೆಯಿಂದ ಪೀಳಿಗೆಗೆ ಹೋಗುತ್ತವೆ. ಒಂದು ಅಕ್ಷರ ಕಾಯಿಲೆಗೆ ಕಾರಣ, ಪಕ್ಕದ್ದು ಜೀನ್ ಏರಿಳಿತಕ್ಕೆ ಕಾರಣ ಆಗಿರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ ಲೆಕ್ಕದಲ್ಲಿ ಅಂಟಿಕೊಂಡೇ ಕಾಣುತ್ತವೆ. ಡಿಎನ್‌ಎ ನೋಡಿ ಜೀನ್ ಎಷ್ಟು ಕೆಲಸ ಮಾಡುತ್ತದೆ ಅಂತ ಅಂದಾಜು ಮಾಡಿ ಕಾಯಿಲೆಗೆ ಜೋಡಿಸುವ ವಿಧಾನಗಳು ಒಂದೇ ಕಡೆ ನಾಲ್ಕಾರು ಜೀನ್‌ಗಳತ್ತ ಬೆರಳು ತೋರಿಸುವುದು ಇದಕ್ಕೇ. ಅವನ್ನು ಅನುಮಾನಿತರ ಪಟ್ಟಿ ಅಂತ ಓದಬೇಕು, ತೀರ್ಪು ಅಂತ ಅಲ್ಲ. ಇನ್ನೊಂದು ತೊಡಕು ಸಮಯದ್ದು. ಭ್ರೂಣದಲ್ಲಿ ಕೆಲವೇ ದಿನ ನಡೆದ ಏರಿಳಿತ ದೊಡ್ಡವರ ಅಂಗಾಂಶದಲ್ಲಿ ಹೇಗೆ ಕಾಣಬೇಕು? ಕಾಯಿಲೆಗೆ ನಂಟಿರುವ ಎಷ್ಟೋ ಜಾಗಗಳಿಗೆ ಇನ್ನೂ ಜೀನ್ ಜೋಡಿಯಾಗದಿರಲು ಇದೂ ಒಂದು ಕಾರಣ ಇರಬಹುದು.

ಹಾಗಂತ ಇದೆಲ್ಲ ಸುಮ್ನೆ ಕಾಗದದ ಮೇಲಿನ ಲೆಕ್ಕ ಅನ್ನುವವರ ಮಾತನ್ನು ಒಪ್ಪಲಾರೆ. ಬಿಸಿಎಲ್11ಎ ಜೀನ್ ಇದೆ. ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ನಿಲ್ಲಿಸುವುದು ಅದರ ಕೆಲಸ. ದೊಡ್ಡವರಾದರೂ ಆ ಹಿಮೋಗ್ಲೋಬಿನ್ ಜಾಸ್ತಿ ಉಳಿದಿರುವ ಜನರ ಡಿಎನ್‌ಎ ನೋಡಿದಾಗ ವ್ಯತ್ಯಾಸ ಇದೇ ಜೀನ್ ಒಳಗೆ ಸಿಕ್ಕಿತು. ಹತ್ತಿರದ ಜೀನೇ ನಿಜವಾದ ಜೀನ್ ಆಗಿತ್ತು, ಹಾಗೂ ಆಗುತ್ತದೆ. ಕೆಂಪು ರಕ್ತಕಣ ತಯಾರಾಗುವ ಕೋಶಗಳಲ್ಲಿ ಮಾತ್ರ ಈ ಜೀನನ್ನು ಏರಿಸುವ ತುಣುಕು ಅಲ್ಲಿದೆ ಅಂತ 2013ರಲ್ಲಿ ಗೊತ್ತಾಯಿತು. ಅದನ್ನು ಕೆಡಿಸಿದರೆ ಬೇರೆ ಕೋಶಗಳಲ್ಲಿ ಜೀನ್ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಈ ತುಣುಕನ್ನೇ ಗುರಿಯಾಗಿಸಿದ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಹಿಮೋಗ್ಲೋಬಿನ್ ಕೆಟ್ಟು ಬರುವ ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ ಎಂಬ ಎರಡು ರಕ್ತದ ಕಾಯಿಲೆಗಳಿಗೂ. ತುಣುಕನ್ನು ಕೆಡಿಸಿದರೆ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗಿ ಆ ಕೊರತೆ ತುಂಬುತ್ತದೆ. ಯಾವ ಜೀನ್ ಅಂತಷ್ಟೇ ಗೊತ್ತಿದ್ದರೆ ಸಾಲುತ್ತಿರಲಿಲ್ಲ. ಯಾವ ಕೋಶದಲ್ಲಿ ಅನ್ನುವುದೂ ಗೊತ್ತಿದ್ದುದರಿಂದ ಇದು ಸಾಧ್ಯವಾಯಿತು.

ನನ್ನ ಬೇಸರ ಇನ್ನೊಂದಿದೆ. ಜಿಟೆಕ್ಸ್ ದಾನಿಗಳಲ್ಲಿ ಬಹುಪಾಲು ಯುರೋಪಿಯನ್ ಮೂಲದವರು. ಅಕ್ಷರಗಳು ಯಾವುದರ ಜೊತೆ ಯಾವುದು ಸಾಗುತ್ತವೆ ಅನ್ನುವುದು ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಒಬ್ಬರಲ್ಲಿ ಕಲಿತ ಅಂದಾಜು ಇನ್ನೊಬ್ಬರಲ್ಲಿ ಅಷ್ಟು ಸರಿ ಬರುವುದಿಲ್ಲ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಜನರ ಅಂಗಾಂಶಗಳಲ್ಲೂ ಇದೇ ಪ್ರಮಾಣದ ಕೆಲಸ ಆಗಬೇಕು, ಅದಕ್ಕೆ ಹಣ ಈಗಲೇ ಸಿಗಬೇಕು.