ಪರ–ವಿರೋಧ: ಬ್ಲೈಡನ್ ತೋರಿಸಿದ ದಾರಿ ಆಫ್ರಿಕಾಕ್ಕೆ ಸರಿಯಾಗಿತ್ತೇ?

ಎಡ್ವರ್ಡ್ ವಿಲ್ಮಟ್ ಬ್ಲೈಡನ್ (1832–1912) ಲೈಬೀರಿಯಾದ ದೊಡ್ಡ ವಿದ್ವಾಂಸರು. ಪಾದ್ರಿ, ಮೇಷ್ಟ್ರು, ಪತ್ರಕರ್ತ, ಮಂತ್ರಿ ಎಲ್ಲವೂ ಆಗಿದ್ದವರು. ಮಿಷನರಿಗಳ ಓದು ಕರಿಯರಿಗೆ ತಮ್ಮ ಬಗ್ಗೆಯೇ ಕೀಳರಿಮೆ ಕಲಿಸಿತು, ಇಸ್ಲಾಂ ಹಾಗೆ ಮಾಡಲಿಲ್ಲ, ಆಫ್ರಿಕಾದ ಶಾಲೆಗೆ ಅರಬ್ಬಿ ಮತ್ತು ನೆಲದ ಭಾಷೆಗಳು ಬರಬೇಕು ಎಂದು ಅವರು ಬರೆದರು. ಈ ದಾರಿ ಸರಿಯೇ ಎಂದು ಇಬ್ಬರನ್ನು ಕೇಳಿದೆವು.

ಪರ: ತನ್ನ ಮುಖಕ್ಕೆ ತಾನು ನಾಚದಿರಲು ಕಲಿಸಿದವರು

ಬ್ಲೈಡನ್ ಬರೆದ ಒಂದು ಸಣ್ಣ ಪ್ರಸಂಗ ನನ್ನ ತಲೆಯಿಂದ ಹೋಗುವುದೇ ಇಲ್ಲ. ನ್ಯೂಯಾರ್ಕಿನ ಒಂದು ಪ್ರಾರ್ಥನಾ ಸಭೆ. ಓದು ಬಾರದ ಕರಿಯನೊಬ್ಬ ಎದ್ದು ನಿಂತು, ದೇವರೇ, ನಿನ್ನ ಲಿಲ್ಲಿ ಹೂವಿನಂಥ ಬಿಳಿ ಕೈ ಚಾಚಿ ನಮ್ಮನ್ನು ಹರಸು ಅಂತ ಬೇಡಿಕೊಳ್ಳುತ್ತಾನೆ. ಇನ್ನೊಬ್ಬ, ನಾವೂ ಅವನಂತೆ ಆಗುತ್ತೇವೆ ಅನ್ನುವ ಬೈಬಲ್ ಮಾತಿಗೆ ಅರ್ಥ ಹೇಳುತ್ತಿದ್ದಾನೆ. ನೀಲಿ ಕಣ್ಣು, ಕೆಂಪು ಕೆನ್ನೆ, ಹೊಂಬಣ್ಣದ ಕೂದಲಿನ ಚೆಂದದ ಬಿಳಿ ಮನುಷ್ಯನನ್ನು ಕಣ್ಣ ಮುಂದೆ ತಂದುಕೊಳ್ಳಿ, ನಾವೂ ಹಾಗೇ ಆಗುತ್ತೇವೆ ಅನ್ನುತ್ತಾನೆ.

ಓದಿದಾಗ ಹೊಟ್ಟೆ ಹಿಂಡಿದ ಹಾಗಾಯಿತು. ಸತ್ತ ಮೇಲಾದರೂ ತಾನು ತಾನಾಗಿ ಇರಬಾರದು ಅಂತ ಒಬ್ಬ ಮನುಷ್ಯ ಆಸೆಪಡುತ್ತಾನಲ್ಲ, ಹಾಗೆ ಅವನಿಗೆ ಕಲಿಸಿದವರು ಯಾರು? ಬ್ಲೈಡನ್ ಬದುಕಿಡೀ ಕೇಳಿದ್ದು ಇದನ್ನೇ.

ಅವರು ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿದವರು. 1850ರಲ್ಲಿ ಪಾದ್ರಿಯಾಗುವ ಓದಿಗೆ ಅಂತ ಅಮೆರಿಕಕ್ಕೆ ಹೋದರು. ಕರಿಯ ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ಸೇರಿಸಿಕೊಳ್ಳಲಿಲ್ಲ. 1851ರಲ್ಲಿ ಲೈಬೀರಿಯಾಕ್ಕೆ ಬಂದಿಳಿದರು. ಅಲ್ಲೇ ಓದಿ, 1862ರಿಂದ ಲೈಬೀರಿಯಾ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿಸಿದರು. ಹಾಗೇ ಸುಮ್ನೆ ಪಾಠ ಮಾಡಿಕೊಂಡು ಇದ್ದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದರು.

ಆದರೆ ಲೈಬೀರಿಯಾ ಎಂಥ ದೇಶ ನೋಡಿ. ಅಮೆರಿಕದಿಂದ ಕರೆತಂದ ಕರಿಯರು ಕರಾವಳಿಯಲ್ಲಿ ಕಟ್ಟಿದ ನಾಡು ಅದು. 1847ರಲ್ಲಿ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಪ್ರೀತಿ ನಮ್ಮನ್ನು ಇಲ್ಲಿಗೆ ತಂದಿತು ಅನ್ನುವುದು ಇವತ್ತಿಗೂ ಅದರ ಧ್ಯೇಯವಾಕ್ಯ. ತಂದದ್ದು ಯಾರನ್ನು? ಕ್ಪೆಲೆ, ಬಾಸಾ, ಕ್ರು, ವಾಯ್ ಜನ ಅಲ್ಲೇ ಇದ್ದರು. ಅವರನ್ನು ಯಾರೂ ಎಲ್ಲಿಂದಲೂ ತಂದಿರಲಿಲ್ಲ. ಬಂದವರು ಆ ಸೆಕೆಯಲ್ಲೂ ಉದ್ದ ಕೋಟು ತೊಟ್ಟು, ಇಂಗ್ಲಿಷ್ ಮಾತಾಡಿ, ಇದ್ದವರನ್ನು ಕಾಡುಜನ ಅಂದರು.

ಬ್ಲೈಡನ್‌ಗೆ ಕಂಡದ್ದೇ ಬೇರೆ. ಒಳನಾಡಿನಿಂದ ಬರುವ ಮುಸ್ಲಿಂ ಗುರುಗಳು, ವ್ಯಾಪಾರಿಗಳು ಅರಬ್ಬಿ ಓದುತ್ತಾರೆ, ಬರೆಯುತ್ತಾರೆ. ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಅವರ ಧರ್ಮ ಊರಿಗೆ ಬಂದದ್ದು ಗುಲಾಮರ ಹಡಗಿನಲ್ಲಿ ಅಲ್ಲ. ಅದನ್ನು ಕಲಿಸುವವರೂ ಕರಿಯರೇ. ದೇವರಿಗೆ ಚಿತ್ರವಿಲ್ಲ, ಹಾಗಾಗಿ ಬಿಳಿ ಮುಖವೂ ಇಲ್ಲ. ಪ್ರವಾದಿಯ ಕಾಲದಲ್ಲಿ ಮೊದಲು ಅಜಾನ್ ಕೂಗಿದ ಬಿಲಾಲ್ ಕರಿಯರು. ಇದನ್ನು ನೋಡಿದ ಈ ಕ್ರೈಸ್ತ ಪಾದ್ರಿ 1866ರಲ್ಲಿ ಈಜಿಪ್ಟ್, ಲೆಬನಾನ್ ಕಡೆ ಹೋಗಿ ಅರಬ್ಬಿ ಕಲಿತು ಬಂದರು. ಮರುವರ್ಷ ಕಾಲೇಜಿನಲ್ಲಿ ಅದನ್ನು ಕಲಿಸಲು ಶುರು ಮಾಡಿದರು. ಎಂಥ ಎದೆಗಾರಿಕೆ! ಕ್ರೈಸ್ತಧರ್ಮ, ಇಸ್ಲಾಂ ಮತ್ತು ನೀಗ್ರೋ ಜನಾಂಗದ ಬಗ್ಗೆ ಅವರು ಬರೆದ ಹೆಸರಾಂತ ಪುಸ್ತಕ ಬಂದದ್ದು 1887ರಲ್ಲಿ.

ಇದೆಲ್ಲ ಪುಸ್ತಕದ ಮಾತು. ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು.

ಲೈಬೀರಿಯಾದ ರಾಜಧಾನಿ ಮೊನ್ರೋವಿಯಾದ ವಾಟರ್‌ಸೈಡ್ ಮಾರುಕಟ್ಟೆ ಹತ್ತಿರ ಒಂದು ಅಕ್ಕಿ ಮಂಡಿಯಲ್ಲಿ ನಾನು ಎರಡು ವರ್ಷ ಲೆಕ್ಕ ಬರೆದೆ. ನಮ್ಮ ದೇಶದಿಂದ ಹೋದ ಕುಚ್ಚಲಕ್ಕಿ, 25 ಕಿಲೋದ ಚೀಲ. ಗೋದಾಮು ನೋಡಿಕೊಳ್ಳುತ್ತಿದ್ದವರು ಅರವತ್ತು ದಾಟಿದ ಒಬ್ಬ ವಾಯ್ ಮನುಷ್ಯ. ಎಲ್ಲರೂ ಅವರನ್ನು ಓಲ್ಡ್ ಮ್ಯಾನ್ ಅನ್ನುತ್ತಿದ್ದರು. ಅಲ್ಲಿ ಅದು ಗೌರವದ ಕರೆ. ನನ್ನ ಮನಸ್ಸಿನಲ್ಲಿ ಅವರು ಅಜ್ಜ.

ಸಂಬಳದ ದಿನ ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರು. ಕೆಲಸಗಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಓದು ಬರಹ ಇಲ್ಲ ಅಂತ ಇತ್ತು. ನಾನೂ ಹಾಗೇ ನಂಬಿದ್ದೆ.

ಒಂದು ದಿನ ಮಳೆ ಜೋರು. ಲಾರಿ ಬಂದಿತ್ತು, ನನ್ನ ಎಣಿಕೆಯಲ್ಲಿ ಹದಿನಾಲ್ಕು ಚೀಲ ತಪ್ಪಿತ್ತು. ಅಜ್ಜ ಅಂಗಿಯ ಒಳಗಿನಿಂದ ಒಂದು ಮಡಿಚಿದ ನೋಟ್‌ಬುಕ್ ತೆಗೆದರು. ಅಂಚು ಬೆವರಿಗೆ ಮೆತ್ತಗಾಗಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಸಾಲು ಸಾಲು ಬರಹ. ಇಂಗ್ಲಿಷ್ ಅಲ್ಲ, ಅರಬ್ಬಿಯೂ ಅಲ್ಲ. ಎಡದಿಂದ ಬಲಕ್ಕೆ, ದುಂಡಗೆ, ಚುಕ್ಕೆ, ಗೀಟು. ಬೆರಳಿಟ್ಟು ಓದುತ್ತ ಹೋದರು. ಯಾವ ದಿನ, ಯಾವ ಲಾರಿ, ಎಷ್ಟು ಚೀಲ, ಎಷ್ಟು ಒದ್ದೆ. ಹದಿನಾಲ್ಕು ಚೀಲ ಸಿಕ್ಕಿತು.

ಅದು ವಾಯ್ ಲಿಪಿ. ಮೊಮೊಲು ದುವಾಲು ಬುಕೆಲೆ ಅನ್ನುವ ವಾಯ್ ಮನುಷ್ಯ 1833ರ ಸುಮಾರಿಗೆ ಕಟ್ಟಿದ ಲಿಪಿ. ಇನ್ನೂರಕ್ಕೂ ಜಾಸ್ತಿ ಅಕ್ಷರ. ನಮ್ಮ ಕ, ಕಿ, ಕುಗಳ ಹಾಗೆ ಒಂದೊಂದು ಗುರುತಿಗೆ ಒಂದೊಂದು ಪೂರ್ತಿ ಉಲಿ. ಇದನ್ನು ಶಾಲೆಯಲ್ಲಿ ಕಲಿಸಲ್ಲ. ಅಪ್ಪನೋ ಗೆಳೆಯನೋ ಮನೆಯಲ್ಲಿ ಕೂರಿಸಿ ಕಲಿಸಬೇಕು. ಅಜ್ಜ ಯಜಮಾನರ ಹತ್ತಿರ ಇಂಗ್ಲಿಷ್ ಆಡುತ್ತಿದ್ದರು. ನಮಾಜಿಗೆ ಅರಬ್ಬಿ. ಕೇಪ್ ಮೌಂಟ್ ಕಡೆ ಇರುವ ಮಗಳಿಗೆ ಕಾಗದ ಬರೆಯುವುದು ವಾಯ್‌ನಲ್ಲಿ. ಅಂಥವರ ಹೆಸರಿನ ಮುಂದೆ ನಾವು ಓದು ಬರಹ ಇಲ್ಲ ಅಂತ ಬರೆದಿಟ್ಟಿದ್ದೆವು.

ಮತ್ತೆ ಹೆಬ್ಬೆಟ್ಟು ಯಾಕೆ ಒತ್ತುತ್ತೀರಿ ಅಂತ ಕೇಳಿದೆ. ಇದು ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂದರು. ಕೋಪವಿರಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು.

ಬ್ಲೈಡನ್ ಹೋರಾಡಿದ್ದು ಆ ಮಾತಿನ ವಿರುದ್ಧ. 1881ರ ಜನವರಿಯಲ್ಲಿ, ಲೈಬೀರಿಯಾ ಕಾಲೇಜಿನ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ ಅವರು ಹೇಳಿದ್ದೂ ಅದನ್ನೇ. ಗ್ರೀಕ್, ಲ್ಯಾಟಿನ್, ಗಣಿತ ಇರಲಿ. ಜೊತೆಗೆ ಅರಬ್ಬಿ ಬೇಕು, ಇಲ್ಲಿನ ಜನರ ಭಾಷೆಗಳು ಬೇಕು. ಗುಲಾಮರ ವ್ಯಾಪಾರ ನಡೆದ ಕಾಲದ ಯೂರೋಪಿನ ಪುಸ್ತಕಗಳಲ್ಲಿ ಕರಿಯರ ಬಗ್ಗೆ ವಿಷವಿದೆ, ಅದನ್ನು ಮಕ್ಕಳಿಗೆ ಕುಡಿಸಬೇಡಿ. ಒಳನಾಡಿನವರು ಹಾಡುವ ಹಾಡು, ಹೇಳುವ ಕತೆ ಕೇಳಿಸಿಕೊಳ್ಳಿ. ಆ ನಾಡಿನ ಮೂಲದ ಜನರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 1946ರಲ್ಲಿ. ಬ್ಲೈಡನ್ ಅರವತ್ತೈದು ವರ್ಷ ಮುಂದಿದ್ದರು.

ಮಿಶ್ರ ರಕ್ತದವರ ಬಗ್ಗೆ ಅವರು ಕೆಟ್ಟದಾಗಿ ಬರೆದರು ಅನ್ನುವವರಿದ್ದಾರೆ. 1871ರಲ್ಲಿ ಎದುರಾಳಿಗಳ ಗುಂಪು ಅವರ ಕೊರಳಿಗೆ ಹಗ್ಗ ಬಿಗಿದು ಮೊನ್ರೋವಿಯಾದ ಬೀದಿಯಲ್ಲಿ ಎಳೆದಾಡಿತು. ಜೀವ ಉಳಿಸಿಕೊಂಡು ಪಕ್ಕದ ಸಿಯೆರಾ ಲಿಯೋನ್‌ಗೆ ಓಡಬೇಕಾಯಿತು. ಅಂಥ ಪೆಟ್ಟು ತಿಂದವರ ಬಾಯಲ್ಲಿ ಬಿರುಸು ಮಾತು ಬಂದರೆ ಅದನ್ನೇ ಹಿಡಿದು ಜಗ್ಗಬೇಕೇ? ತನ್ನ ಭಾಷೆ ಕೀಳಲ್ಲ, ತನ್ನ ಮುಖ ಕೀಳಲ್ಲ ಅಂತ ಅವರು ಹೇಳಿದರು. ನನಗೆ ಅದು ಸಾಕು.

ಊರಿಗೆ ಹೊರಡುವ ವಾರ ನಾನು ಕೆಲಸಗಾರರ ಪಟ್ಟಿ ತಿದ್ದಿದೆ. ಅಜ್ಜನ ಹೆಸರಿನ ಮುಂದೆ ಓದು ಬರಹ ಬಲ್ಲವರು ಅಂತ ಬರೆದೆ. ಯಾವ ಭಾಷೆ ಅಂತ ಯಜಮಾನರು ಕೇಳಿದರು. ಅವರದೇ ಭಾಷೆ ಅಂದೆ.

ವಿರೋಧ: ಬೆರೆತ ನಾಡಿಗೆ ಶುದ್ಧದ ಪಾಠ

ವಿರೋಧದ ಕಡೆಯಿಂದ ಬರೆಯಿರಿ ಎಂದು ಸಂಪಾದಕರು ಕೇಳಿದರು. ಬ್ಲೈಡನ್ ಬಗ್ಗೆ ನನಗೆ ಗೌರವವಿದೆ. ತರಗತಿಯಲ್ಲಿ ಅವರ ಬಗ್ಗೆ ಪಾಠ ಮಾಡುತ್ತೇನೆ. ಆಫ್ರಿಕನ್ ವ್ಯಕ್ತಿತ್ವ ಎಂಬ ಅವರ ಮಾತನ್ನೇ ಮುಂದೆ ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಎತ್ತಿಕೊಂಡರು ಎಂದು ಹೇಳಿಕೊಡುತ್ತೇನೆ. ಆದರೂ ಅವರ ದಾರಿಯಲ್ಲಿ ತೊಡಕುಗಳಿವೆ. ಕೇಳಿದ್ದಾರೆ, ಹೇಳುತ್ತೇನೆ.

ಮೊದಲನೆಯದು ಇಸ್ಲಾಂ ಬಗ್ಗೆ ಅವರು ಬರೆದದ್ದು. ಅವರು ನೋಡಿದ್ದು ಒಳ್ಳೆಯ ಗುರುಗಳನ್ನು, ಒಳ್ಳೆಯ ಶಾಲೆಗಳನ್ನು. ಅದು ನಿಜವೇ. ಆದರೆ ಅದೇ ಪಶ್ಚಿಮ ಆಫ್ರಿಕಾದಲ್ಲಿ, ಅದೇ ಕಾಲದಲ್ಲಿ, ಸಮೋರಿ ತೂರೆಯಂಥ ಮುಸ್ಲಿಂ ದೊರೆ ಸೆರೆಸಿಕ್ಕವರನ್ನು ಮಾರಿ ಕುದುರೆ, ಬಂದೂಕು ಕೊಳ್ಳುತ್ತಿದ್ದರು. ಗುಲಾಮರ ವ್ಯಾಪಾರದ ಪಾಪವನ್ನು ಒಂದು ಧರ್ಮದ ತಲೆಗೆ ಕಟ್ಟಿ ಇನ್ನೊಂದನ್ನು ತೊಳೆದು ಇಡುವುದು ಚರಿತ್ರೆ ಆಗುವುದಿಲ್ಲ. ಒಂದು ಪರಕೀಯ ಧರ್ಮ, ಭಾಷೆ ಬೇಡವೆಂದು ಇನ್ನೊಂದು ಪರಕೀಯ ಧರ್ಮ, ಭಾಷೆಯನ್ನು ತಂದರೆ ಆಫ್ರಿಕಾ ಸಿಕ್ಕ ಹಾಗಾಯಿತೇ?

ಎರಡನೆಯದು ಇನ್ನೂ ಗಂಭೀರ. ಬ್ಲೈಡನ್ ಮಿಶ್ರ ರಕ್ತದವರನ್ನು ನಂಬಲಿಲ್ಲ. ಲೈಬೀರಿಯಾಕ್ಕೆ ಅಪ್ಪಟ ಕರಿಯರನ್ನೇ ಕಳಿಸಿ, ಬೆರಕೆಯವರು ಬೇಡ ಎಂದು, ಕರಿಯರನ್ನು ಅಲ್ಲಿಗೆ ಕಳಿಸುತ್ತಿದ್ದ ಅಮೆರಿಕದ ಸಂಘದವರಿಗೆ ಮತ್ತೆ ಮತ್ತೆ ಬರೆದರು. ದೇಶದ ಮೊದಲ ಅಧ್ಯಕ್ಷ ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್ ತೆಳುಬಣ್ಣದವರು. ಅವರ ಕಡೆಯವರ ಜೊತೆ ಬ್ಲೈಡನ್‌ಗೆ ಜಗಳವಿತ್ತು. ಜಗಳ ರಾಜಕೀಯದ್ದು, ಸರಿ. ಆದರೆ ಅದಕ್ಕೆ ರಕ್ತದ ಲೆಕ್ಕ ಯಾಕೆ? ಬಣ್ಣ ನೋಡಿ ಬಾಗಿಲು ಹಾಕಿಸಿಕೊಂಡವರು ತಾವೇ ಬಣ್ಣ ನೋಡಿ ಬಾಗಿಲು ಹಾಕಲು ಹೊರಟರು. ಇದನ್ನು ಪಾಠ ಮಾಡುವಾಗ ಪ್ರತಿ ಸಲ ನನ್ನ ದನಿ ಸಣ್ಣದಾಗುತ್ತದೆ. ಅಪ್ಪ ಒಂದು ಬಣ್ಣ, ಅಮ್ಮ ಇನ್ನೊಂದು ಬಣ್ಣ ಇರುವ ಮಗುವೊಂದು ಮುಂದಿನ ಬೆಂಚಿನಲ್ಲಿ ಕೂತಿದ್ದರೆ ಅದಕ್ಕೆ ನಾನು ಏನು ಹೇಳಲಿ?

ಮೂರನೆಯದು, ಬ್ರಿಟಿಷರ ಆಳ್ವಿಕೆ ಸದ್ಯಕ್ಕೆ ಆಫ್ರಿಕಾಕ್ಕೆ ಒಳ್ಳೆಯದು ಎಂದು ಅವರು ನಂಬಿದ್ದರು. 1901ರಿಂದ 1906ರವರೆಗೆ ಸಿಯೆರಾ ಲಿಯೋನ್‌ನಲ್ಲಿ ಬ್ರಿಟಿಷ್ ಸರ್ಕಾರದ ಕೆಳಗೆ ಮುಸ್ಲಿಂ ಶಿಕ್ಷಣದ ನಿರ್ದೇಶಕರಾಗಿದ್ದರು. ಹೊಟ್ಟೆಪಾಡಿಗೆ ಸಂಬಳ ಬೇಕಿತ್ತು, ಒಪ್ಪುತ್ತೇನೆ. ಆದರೂ ಆಫ್ರಿಕಾದ ಸ್ವಾಭಿಮಾನಕ್ಕೆ ದಾರಿ ತೋರಿಸಿದವರೆಂದು ಕೊಂಡಾಡುವಾಗ ಇದನ್ನು ಮರೆಯಬಾರದು.

ವಾಯ್ ಲಿಪಿಯ ಕತೆಯಲ್ಲಿ ಒಂದು ಸಂಗತಿಯಿದೆ. 1849ರಲ್ಲಿ ಕೋಲ್ ಎಂಬ ಮಿಷನರಿ ಅದನ್ನು ಕಟ್ಟಿದ ಬುಕೆಲೆಯನ್ನೇ ಕಂಡು ಮಾತಾಡಿಸಿದ್ದರು. ಬುಕೆಲೆ ತನ್ನ ಕನಸಿನ ಬಗ್ಗೆ ಹೇಳಿದ. ಕನಸಿನಲ್ಲಿ ಬರಹ ತಂದುಕೊಟ್ಟವನು ಉದ್ದ ಕೋಟು ತೊಟ್ಟ ಎತ್ತರದ ಬಿಳಿ ಮನುಷ್ಯ! ದೂರದಲ್ಲಿರುವವರ ಜೊತೆ ಕಾಗದದಲ್ಲಿ ಮಾತಾಡುವ ವಿದ್ಯೆಯನ್ನು ಬಿಳಿಯರ ಕೈಯಲ್ಲಿ ನೋಡಿದವನು ಅವನು. ಆದರೆ ಅವರ ಅಕ್ಷರ ತರಲಿಲ್ಲ. ತನ್ನ ಭಾಷೆಗೆ ತಾನೇ ಅಕ್ಷರ ಕಟ್ಟಿದ. ಕನಸು ಎಲ್ಲಿಂದ ಬಂತೆಂದು ನಾಚಿಕೊಳ್ಳಲಿಲ್ಲ. ಬ್ಲೈಡನ್ ತಮ್ಮ ಬರಹದಲ್ಲಿ ಹುಡುಕಿದ ಶುದ್ಧ ಆಫ್ರಿಕಾ ಬುಕೆಲೆಗೆ ಬೇಕಾಗಿರಲಿಲ್ಲ ಅಲ್ವಾ?

ಯಾವ ಧರ್ಮ ಈ ಜನರಿಗೆ ಒಳ್ಳೆಯದು ಎಂಬ ಪ್ರಶ್ನೆಯೇ ಆ ನಾಡಿನಲ್ಲಿ ಅಪಾಯದ್ದು. 1989ರಲ್ಲಿ ಶುರುವಾಗಿ 2003ರಲ್ಲಿ ಮುಗಿದ ಯುದ್ಧದಲ್ಲಿ ಮಾಂಡಿಂಗೋ ಮುಸ್ಲಿಮರನ್ನು ಹೊರಗಿನವರೆಂದು ಹುಡುಕಿ ಕೊಂದರು. 2008ರ ಜನಗಣತಿಯಲ್ಲಿ ಕ್ರೈಸ್ತರು ನೂರಕ್ಕೆ 85.6, ಮುಸ್ಲಿಮರು 12.2. 2015ರಲ್ಲಿ ಗ್ಬಾರ್ನ್‌ಗಾದಲ್ಲಿ ಸಂವಿಧಾನ ತಿದ್ದುಪಡಿಯ ಸಮಾವೇಶ ನಡೆದಾಗ ಲೈಬೀರಿಯಾವನ್ನು ಕ್ರೈಸ್ತ ರಾಷ್ಟ್ರ ಎನ್ನಬೇಕೆಂಬ ಪ್ರಸ್ತಾಪಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅಧ್ಯಕ್ಷೆಯಾಗಿದ್ದ ಎಲೆನ್ ಜಾನ್ಸನ್ ಸರ್ಲೀಫ್ ಅದನ್ನು ವಿರೋಧಿಸಿದರು. ಇದರ ಹೊಣೆ ಬ್ಲೈಡನ್‌ದು ಎನ್ನುತ್ತಿಲ್ಲ. ಅವರ ಒಲವು ಇನ್ನೊಂದು ಕಡೆಗಿತ್ತು. ಧರ್ಮಗಳನ್ನು ತಕ್ಕಡಿಗೆ ಹಾಕುವ ರೂಢಿ ಅಲ್ಲಿ ಯಾರ ಕೈಗೆ ಸಿಕ್ಕಿದರೂ ಕಷ್ಟ ಎನ್ನುತ್ತಿದ್ದೇನೆ.

1912ರ ಫೆಬ್ರವರಿಯಲ್ಲಿ ಬ್ಲೈಡನ್ ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ತೀರಿಕೊಂಡರು. ಪ್ರಾರ್ಥನೆ ಕ್ರೈಸ್ತರದು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಮುಸ್ಲಿಮರು. ಅವರ ಪುಸ್ತಕಕ್ಕಿಂತ ಆ ದಿನದ ಮೆರವಣಿಗೆ ನನಗೆ ಹೆಚ್ಚು ಇಷ್ಟ.