ಗೋಧಿ ಬಿಡುವ ಮೊದಲು ಒಂದು ರಕ್ತಪರೀಕ್ಷೆ

ಗೋಧಿ ಬಿಟ್ಟ ಮೇಲೆ ಹೊಟ್ಟೆಯುಬ್ಬರ ಇಳಿಯಿತು, ತೂಕ ಕಡಿಮೆಯಾಯಿತು, ಸಕ್ಕರೆ ಹತೋಟಿಗೆ ಬಂತು ಎನ್ನುವವರು ವಿಜಯಪುರದಲ್ಲಿ ಈಗ ಓಣಿಗೊಬ್ಬರು ಸಿಗುತ್ತಾರೆ. ಅವರ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಗೋಧಿಯ ಜೊತೆಗೆ ಇನ್ನೇನೇನು ಬಿಟ್ಟಿರಿ ಎಂದು ಕೇಳಿದಾಗ ಬರುವ ಉತ್ತರವೇ ಬೇರೆ ಕಥೆ ಹೇಳುತ್ತದೆ: ಮುಂಜಾನೆಯ ಚಹಾಕ್ಕೆ ಅದ್ದಿಕೊಳ್ಳುವ ಖಾರಿ ಮತ್ತು ಟೋಸ್ಟು, ಸಂಜೆಯ ಬಿಸ್ಕತ್ತು, ಬಂಡಿಯ ಮೇಲಿನ ಪಾವ್, ಢಾಬಾದ ನಾನ್, ಹಬ್ಬ ಮುಗಿದರೂ ಡಬ್ಬಿಯಲ್ಲಿ ಮುಗಿಯದ ಶಂಕರಪಾಳಿ. ಇವುಗಳಲ್ಲಿ ಇರುವುದು ಮೈದಾ ಮಾತ್ರವಲ್ಲ, ಸಕ್ಕರೆ, ಉಪ್ಪು, ವನಸ್ಪತಿಯೂ ಇವೆ. ಇಷ್ಟನ್ನೆಲ್ಲ ಒಮ್ಮೆಲೇ ಕೈಬಿಟ್ಟವರಿಗೆ ಮೈ ಹಗುರವೆನಿಸದಿದ್ದರೆ ಅದೇ ಆಶ್ಚರ್ಯ. ಹಾಗಿರುವಾಗ ಹಿಂದಿನ ತಾಪತ್ರಯವನ್ನೆಲ್ಲ ಮನೆಯ ಚಪಾತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗೆ ನೋಡಿದರೆ ನಮ್ಮ ಭಾಗದ ನಿತ್ಯದ ಊಟ ಗೋಧಿಯೇ ಆಗಿರಲಿಲ್ಲ. ಡೋಣಿ ಹೊಳೆಯ ಬಗ್ಗೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎನ್ನುವ ಈ ಕರಿಮಣ್ಣಿನ ನಾಡಿನಲ್ಲಿ ಹಿಂಗಾರಿನ ಬಿಳಿಜೋಳವೇ ದಿನದ ಅನ್ನವಾಗಿತ್ತು. ಗೋಧಿ ಬರುತ್ತಿದ್ದುದು ಹುಗ್ಗಿ, ಹೋಳಿಗೆ, ಮಾದಲಿ, ಶಾವಿಗೆಗಳ ರೂಪದಲ್ಲಿ, ಹಬ್ಬಕ್ಕೆ ಮತ್ತು ಬೀಗರಿಗೆ. ಚಪಾತಿ ದಿನದ ಊಟವಾದದ್ದಕ್ಕೆ ರುಚಿಗಿಂತ ದುಡಿಮೆಯೇ ಕಾರಣ. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುವುದರಿಂದ ಅದರ ಕಣಕ ಎಳೆದಂತೆ ಬರುತ್ತದೆ, ಬೇಗ ಲಟ್ಟಿಸಬಹುದು. ಜೋಳದಲ್ಲಿ ಅದಿಲ್ಲ, ಎಸರು ಕಾಯಿಸಿ, ಆ ಬಿಸಿನೀರಿನಿಂದ ಹಿಟ್ಟಿಗೆ ಜಿಗಿ ತಂದು, ನಾದಿ, ಒಂದೊಂದೇ ರೊಟ್ಟಿಯನ್ನು ಬಡಿಯಬೇಕು, ಹಿಟ್ಟು ಹಳೆಯದಾಗಿದ್ದರೆ ಅದೂ ಹರಿಯುತ್ತದೆ. ಗೋಧಿ ಬಿಟ್ಟೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗಂಡಸರಲ್ಲಿ ಎಷ್ಟು ಮಂದಿ ಒಲೆಯ ಮುಂದೆ ನಿಂತು ಆ ರೊಟ್ಟಿ ಬಡಿಯುತ್ತಾರೆ ಎಂಬುದನ್ನು ನಾನು ಕೇಳಲು ಹೋಗಿಲ್ಲ, ಕೇಳಿದರೆ ಸ್ನೇಹ ಉಳಿಯುವುದಿಲ್ಲ.

ಜೋಳಕ್ಕೆ ಮರಳುವುದು ಒಳ್ಳೆಯದೇ, ಆದರೆ ಜೋಳ ಔಷಧಿಯಲ್ಲ. ಜೋಳದ ಹಿಟ್ಟಿನಲ್ಲಿಯೂ ಗೋಧಿ ಹಿಟ್ಟಿನಲ್ಲಿಯೂ ಮೂರರಲ್ಲಿ ಎರಡು ಭಾಗದಷ್ಟು ಪಿಷ್ಟವೇ ಇದೆ, ಪ್ರೋಟೀನು ಎರಡರಲ್ಲೂ ನೂರು ಗ್ರಾಮಿಗೆ ಸುಮಾರು 10 ಗ್ರಾಂ. ಸಕ್ಕರೆ ಕಾಯಿಲೆಯವರು ನಾಲ್ಕು ಚಪಾತಿಯ ಜಾಗದಲ್ಲಿ ನಾಲ್ಕು ದಪ್ಪ ರೊಟ್ಟಿ ತಿಂದು ಗ್ಲುಕೋಮೀಟರ್ ನೋಡಿ ಬೇಸರಪಟ್ಟರೆ ಅದು ಜೋಳದ ತಪ್ಪಲ್ಲ. ನಮ್ಮ ಹಳೆಯ ಊಟಕ್ಕೆ ಬಲವಿದ್ದುದು ರೊಟ್ಟಿಯ ಸುತ್ತ ಇರುತ್ತಿದ್ದ ಮಡಿಕೆಕಾಳು, ಹೆಸರುಕಾಳು, ಪುಂಡಿಪಲ್ಯ, ಅಗಸಿ ಮತ್ತು ಗುರೆಳ್ಳು ಚಟ್ನಿ, ಹಸಿ ಸೊಪ್ಪು, ಮೊಸರುಗಳಿಂದ. ಗೋಧಿ ಬಿಟ್ಟು ಎರಡು ಹೊತ್ತೂ ಬಿಳಿ ಅನ್ನ ಉಣ್ಣುವವರ ಲೆಕ್ಕಾಚಾರವಂತೂ ನನಗೆ ಅರ್ಥವಾಗಿಲ್ಲ.

ಇತ್ತೀಚೆಗೆ ಜವೆಗೋಧಿಯನ್ನು ‘ಗ್ಲುಟೆನ್ ಇಲ್ಲದ ಗೋಧಿ’ ಎಂದು ದುಬಾರಿ ಬೆಲೆಗೆ ಮಾರುವುದನ್ನೂ ಕಾಣುತ್ತಿದ್ದೇವೆ. ಬೆಳಗಾವಿ, ಬಾಗಲಕೋಟೆಯ ಹೊಲಗಳಲ್ಲಿಯೂ ಬೆಳೆಯುವ, ಕಪ್ಲಿ ಎಂದೂ ಕರೆಯುವ, ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1029ರಂತಹ ತಳಿಗಳನ್ನು ಕೊಟ್ಟಿರುವ ಈ ಗೋಧಿ ಹುಗ್ಗಿಗೆ ಅತ್ಯುತ್ತಮ. ಆದರೆ ಅದರಲ್ಲಿ ಗ್ಲುಟೆನ್ ಇದೆ. ಇಲ್ಲವೆನ್ನುವುದು ಸುಳ್ಳು, ಕೆಲವರಿಗೆ ಅದು ಅಪಾಯದ ಸುಳ್ಳು.

ಆ ಕೆಲವರೆಂದರೆ ಸೀಲಿಯಾಕ್ ಕಾಯಿಲೆ ಇರುವವರು. ಗ್ಲುಟೆನ್ ಹೊಟ್ಟೆಗೆ ಹೋದಾಗ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಬರಗಾಲ ಬಂದು ಬ್ರೆಡ್ಡು ಸಿಗದಿದ್ದಾಗ ಇಂತಹ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ಡು ಬಂದೊಡನೆ ಮತ್ತೆ ಹಾಸಿಗೆ ಹಿಡಿದದ್ದು ಗೋಧಿಯೇ ಕಾರಣವೆಂಬ ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರ ಸಂಶಯವನ್ನು ಗಟ್ಟಿಗೊಳಿಸಿತು. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಬಹಳ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಬೆಳೆಯದ ಮಗು, ನಿಲ್ಲದ ಭೇದಿ, ಎಷ್ಟು ಗುಳಿಗೆ ನುಂಗಿದರೂ ಏರದ ರಕ್ತದ ಅಂಶ ಕಂಡಾಗ ಟಿಟಿಜಿ ಎಂಬ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು, ಅದೂ ಗೋಧಿ ತಿನ್ನುತ್ತಿರುವಾಗಲೇ. ಮೊದಲೇ ಬಿಟ್ಟುಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ವರದಿ ಚೊಕ್ಕವಾಗಿ ಬರಬಹುದು. ಆಮೇಲೆ ಪರೀಕ್ಷೆಗೆಂದೇ ವಾರಗಟ್ಟಲೆ ಮತ್ತೆ ಗೋಧಿ ತಿನ್ನಬೇಕಾದೀತು. ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಹೊಟ್ಟೆ ಉಬ್ಬುವವರಿದ್ದಾರೆ. ಅಂಥ ಹಲವರಲ್ಲಿ ಕಾರಣ ಗ್ಲುಟೆನ್ ಅಲ್ಲ, ಕರುಳಿನಲ್ಲಿ ಹುದುಗಿ ವಾಯು ಉಂಟುಮಾಡುವ ಫ್ರಕ್ಟಾನ್ ಎಂಬ ಸಕ್ಕರೆಸರಪಳಿ. ಅದು ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿಯೂ ಇದೆ. ಇವರು ಕಡಿಮೆ ತಿಂದರೂ ಸಾಕು.

ಸೀಲಿಯಾಕ್ ಖಚಿತವಾದವರಿಗೆ ‘ಕಡಿಮೆ’ ಎಂಬುದೇ ಇಲ್ಲ. ಗ್ಲುಟೆನ್‌ರಹಿತ ಎಂದು ಚೀಟಿ ಹಚ್ಚಲು ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು ಎಂಬುದು ನಮ್ಮಲ್ಲಿಯೂ ನಿಯಮ. ಓಣಿಯ ಗಿರಣಿಯಲ್ಲಿ ಒಬ್ಬರ ಗೋಧಿಯ ಬೆನ್ನಿಗೇ ಇನ್ನೊಬ್ಬರ ಜೋಳ ಬೀಳುವಾಗ ಆ ಮಿತಿ ಎಲ್ಲಿ ಉಳಿದೀತು? ಇಂಥ ಮನೆಗೆ ಸಣ್ಣದೊಂದು ಬೀಸುವ ಯಂತ್ರ ಬೇಕು, ಬೇರೆ ಸಾಣಿಗೆ, ಬೇರೆ ಹಂಚು ಬೇಕು, ಅಂಗಡಿಯ ಇಂಗಿನ ಡಬ್ಬಿಯ ಹಿಂಬದಿಯನ್ನೂ ಓದಬೇಕು, ಏಕೆಂದರೆ ಅಂಗಡಿಯಲ್ಲಿ ಸಿಗುವ ಬೆರಕೆ ಇಂಗಿಗೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸುವುದು ಸಾಮಾನ್ಯ. ಹೋಳಿಗೆಯ ದಿನ ಆ ಮನೆಯ ಮಗುವಿಗೆ ಕಣಕವಿಲ್ಲದ ಹೂರಣವನ್ನು ತುಪ್ಪದೊಡನೆ ಬಡಿಸಿ, ಶೇಂಗಾದುಂಡೆ ಕೊಡಿ. ಒಂದು ತುಂಡು ಹೋಳಿಗೆ ತಿಂದರೆ ಏನಾಗುತ್ತದೆ ಎಂದು ಒತ್ತಾಯಿಸುವ ಬೀಗರಿಗೆ ವೈದ್ಯರ ಚೀಟಿಯನ್ನೇ ತೋರಿಸಿ.